ಓಡಿ ಬಂದವರ ಕೈಗೆ ಮಾಹಿತಿ ಸಿಗಲಿ

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ಕಿಚ್‌ಗುತ್ತಿ ಮಾರಮ್ಮನ ಗುಡಿಯ ಗೋಪುರಕ್ಕೆ ಶಂಕುಸ್ಥಾಪನೆ ನಡೆಯಿತು. ಪೂಜೆ ಮುಗಿದ ಮೇಲೆ ಪ್ರಸಾದ ಹಂಚಿದರು. ತಿಂದವರಿಗೆ ಸ್ವಲ್ಪ ಹೊತ್ತಿನಲ್ಲೇ ವಾಂತಿ, ಹೊಟ್ಟೆನೋವು, ಬಾಯಲ್ಲಿ ನೊರೆ. 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಪ್ರಸಾದದಲ್ಲಿದ್ದದ್ದು ಮಾನೊಕ್ರೊಟೊಫಾಸ್ ಎಂಬ ಕೀಟನಾಶಕ ಎಂದು ಪ್ರಯೋಗಾಲಯದ ಪರೀಕ್ಷೆಯಲ್ಲಿ ಖಚಿತವಾಯಿತು. ಬೆರೆಸಿದವರು ಯಾರು, ಯಾಕೆ ಎಂಬ ಬಗ್ಗೆ ಆಗಿನಿಂದಲೂ ಬೇಕಾದಷ್ಟು ಬರೆಯಲಾಗಿದೆ. ಅದನ್ನು ತೀರ್ಮಾನಿಸಲು ನ್ಯಾಯಾಲಯವಿದೆ. ಯಾರೂ ಅಷ್ಟಾಗಿ ಕೇಳದ ಪ್ರಶ್ನೆ ಇನ್ನೊಂದಿದೆ. ಅಂದು ಮೊದಲು ಓಡಿಬಂದವರಿಗೆ ಏನು ಗೊತ್ತಿತ್ತು, ಗೊತ್ತಾದದ್ದನ್ನು ಅವರು ಯಾರಿಗೆ ಹೇಳಬಹುದಿತ್ತು?

ಸುಳ್ವಾಡಿ, ಮಾರ್ಟಳ್ಳಿ, ಬಿದರಹಳ್ಳಿ ಸೀಮೆಯಿಂದ ರೋಗಿಯನ್ನು ಹೊತ್ತು ಹೊರಟರೆ ರಾಮಾಪುರ, ಕೌದಳ್ಳಿ, ಹನೂರು, ಕಾಮಗೆರೆ, ಕೊಳ್ಳೇಗಾಲ, ಆಮೇಲೆ ಮೈಸೂರು. ಒಟ್ಟು ನೂರು ಕಿಲೊಮೀಟರಿಗೂ ಹೆಚ್ಚು. ಅಂದು ಸಿಕ್ಕ ಸಿಕ್ಕ ವಾಹನದಲ್ಲಿ ಜನರನ್ನು ತುಂಬಿಕೊಂಡು ಈ ದಾರಿಯಲ್ಲೇ ಬಂದರು. ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆ, ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆ ತುಂಬಿದವು. ಅಲ್ಲಿಂದ ಮುಂದೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆಎಸ್ಎಸ್ ಸೇರಿ ಹಲವು ಆಸ್ಪತ್ರೆಗಳಿಗೆ ರೋಗಿಗಳು ಹಂಚಿಹೋದರು. ಮೊದಮೊದಲು ಎಲ್ಲರ ಬಾಯಲ್ಲಿದ್ದ ಮಾತು ‘ಫುಡ್ ಪಾಯಿಸನ್’.

ಹಳಸಿದ ಅನ್ನ ತಿಂದವನಿಗೂ ಕೀಟನಾಶಕ ಹೊಟ್ಟೆಗೆ ಹೋದವನಿಗೂ ವಾಂತಿ ಒಂದೇ ಥರ ಆಗುತ್ತದೆ. ಚಿಕಿತ್ಸೆ ಮಾತ್ರ ಬೇರೆ. ಮಾನೊಕ್ರೊಟೊಫಾಸ್‌ನಂಥ ಆರ್ಗನೋಫಾಸ್ಫೇಟ್ ವಿಷದಲ್ಲಿ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಕಿರಿದಾಗುತ್ತದೆ, ಜೊಲ್ಲು, ಬೆವರು ಹರಿಯುತ್ತದೆ, ಎದೆಯೊಳಗೆ ನೀರು ತುಂಬಿದಂತೆ ಗೊರಗೊರ ಸದ್ದು ಬರುತ್ತದೆ. ಇದಕ್ಕೆ ಮದ್ದು ಆಟ್ರೊಪಿನ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಒಂದು ಆಂಪೂಲ್‌ನಲ್ಲಿ ಇರುವುದು 0.6 ಮಿಲಿಗ್ರಾಂ. ವಿಷ ಜೋರಾಗಿದ್ದರೆ ದೊಡ್ಡವರಿಗೆ ಮೊದಲ ಸಲಕ್ಕೇ ಮೂರರಿಂದ ಐದು ಆಂಪೂಲ್ ಬೇಕು. ಎದೆ ತಿಳಿಯಾಗುವವರೆಗೆ ಐದೈದು ನಿಮಿಷಕ್ಕೆ ಪ್ರಮಾಣ ಇಮ್ಮಡಿಸುತ್ತಾ ಹೋಗಬೇಕು. ಒಬ್ಬನಿಗೇ ಹತ್ತಾರು ಆಂಪೂಲ್ ಖರ್ಚಾಗುವುದು ಅಪರೂಪವೇನಲ್ಲ. ನೂರು ಜನ ಒಟ್ಟಿಗೆ ಬಂದರೆ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದ ಬೀರುವಿನಲ್ಲಿ ಅಷ್ಟು ಇದ್ದೀತು? ಅಷ್ಟಕ್ಕೇ ಮುಗಿಯುವುದೂ ಇಲ್ಲ. ಚೇತರಿಸಿಕೊಂಡಂತೆ ಕಂಡವನಿಗೆ ಒಂದೆರಡು ದಿನ ಬಿಟ್ಟು ಕತ್ತಿನ ಸ್ನಾಯು ಸೋತು ಉಸಿರು ನಿಲ್ಲುವುದುಂಟು. ಆಗ ವೆಂಟಿಲೇಟರ್ ಬೇಕು. ಅದು ಎಲ್ಲಿ ಖಾಲಿ ಇದೆ ಎಂದು ಗೊತ್ತಿರಬೇಕು.

ಗುಡಿಯ ಸುತ್ತ ಪ್ರಸಾದ ತಿಂದ ಕಾಗೆಗಳೂ ಸತ್ತುಬಿದ್ದಿದ್ದವು. ಪ್ರಸಾದದ ವಾಸನೆ ಬೇರೆಯೇ ಇತ್ತು ಎಂದು ಬದುಕುಳಿದವರು ಆಮೇಲೆ ಹೇಳಿದರು. ಇವೆರಡೇ ಸಾಲು ಆ ಕ್ಷಣದಲ್ಲಿ ಒಬ್ಬ ವೈದ್ಯರ ಫೋನಿಗೆ ತಲುಪಿದ್ದರೆ ರೋಗನಿರ್ಣಯ ಮುಕ್ಕಾಲು ಪಾಲು ಮುಗಿದಂತೆಯೇ. ಹಳಸಿದ ಅನ್ನ ಕಾಗೆಯನ್ನು ಕೊಲ್ಲುವುದಿಲ್ಲ. ಆದರೆ ಕಾಗೆ ಸತ್ತದ್ದನ್ನು ಕಂಡವರು ಇದ್ದದ್ದು ಸುಳ್ವಾಡಿಯಲ್ಲಿ, ಆಟ್ರೊಪಿನ್ ಎಷ್ಟು ಕೊಡಬೇಕೆಂದು ನಿರ್ಧರಿಸಬೇಕಾದವರು ಇದ್ದದ್ದು ಹತ್ತಾರು ಮೈಲಿ ಆಚೆ. ನಡುವೆ ಇದ್ದವರು ವಾಹನ ಓಡಿಸಿದವರು, ಆಶಾ ಕಾರ್ಯಕರ್ತೆಯರು, ಪೊಲೀಸ್ ಪೇದೆಗಳು, ದಾದಿಯರು. ಇವರನ್ನೆಲ್ಲ ಒಂದು ಕಡೆ ಸೇರಿಸುವ ಜಾಗ ಆಗ ಇರಲಿಲ್ಲ. ಈಗಲೂ ಇಲ್ಲ ಎಂಬುದೇ ಈ ಲೇಖನದ ತಕರಾರು.

ವಾಟ್ಸ್‌ಆ್ಯಪ್ ಗ್ರೂಪುಗಳಿಗೇನು ಕಡಿಮೆ ಇಲ್ಲ. ಆರೋಗ್ಯ ಇಲಾಖೆಗೆ ಒಂದು, ಪೊಲೀಸ್ ಠಾಣೆಗೆ ಒಂದು, ಅರಣ್ಯ ವಲಯಕ್ಕೆ ಒಂದು, ಗ್ರಾಮ ಪಂಚಾಯಿತಿಗೆ ಒಂದು, ವಿದ್ಯುತ್ ನಿಗಮದ ಲೈನ್‌ಮನ್‌ಗಳಿಗೆ ಮತ್ತೊಂದು. ಆಶಾ ಕಾರ್ಯಕರ್ತೆಯ ಫೋನು ತೆರೆದರೆ ಇಂಥವು ಹತ್ತು ಸಿಗುತ್ತವೆ. ಅವುಗಳಲ್ಲಿ ಮಾತು ಹರಿಯುವುದು ಮೇಲಿನಿಂದ ಕೆಳಕ್ಕೆ. ಸುತ್ತೋಲೆ ಇಳಿಯುತ್ತದೆ, ‘ಇಂದೇ ವರದಿ ಸಲ್ಲಿಸಿ’ ಇಳಿಯುತ್ತದೆ, ಸಾಹೇಬರು ಸಸಿ ನೆಟ್ಟ ಫೋಟೊ ಇಳಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗುವುದು ‘ಓಕೆ ಸರ್’ ಮತ್ತು ಹಾಜರಾತಿಯ ಸೆಲ್ಫಿ. ಪಕ್ಕದಿಂದ ಪಕ್ಕಕ್ಕೆ, ಅಂದರೆ ಹನೂರಿನ ಆಂಬುಲೆನ್ಸ್ ಸಿಬ್ಬಂದಿಯಿಂದ ಕಾಮಗೆರೆಯ ನರ್ಸ್‌ಗೆ, ಕಾಡಿನ ವಾಚರ್‌ನಿಂದ ಕೌದಳ್ಳಿಯ ಡಾಕ್ಟರಿಗೆ ಏನೂ ಹರಿಯುವುದಿಲ್ಲ. ಹರಿದರೆ ಅದು ಆ ಇಬ್ಬರ ಪರಿಚಯದಿಂದ. ಒಬ್ಬರಿಗೆ ವರ್ಗವಾದರೆ ಆ ದಾರಿಯೂ ಮುಚ್ಚಿತು.

ರೆಫರಲ್ ಚೀಟಿಯನ್ನೇ ನೋಡಿ. ಮೇಲಿನ ಆಸ್ಪತ್ರೆಗೆ ಕಳಿಸುವ ರೋಗಿಯ ಕೈಲಿ ಕೊಡುವ ಈ ತುಂಡು ಕಾಗದದಲ್ಲಿ ಹೆಸರು, ವಯಸ್ಸು, ‘ಹೆಚ್ಚಿನ ಚಿಕಿತ್ಸೆಗೆ ಕಳಿಸಲಾಗಿದೆ’ ಎಂಬ ಒಕ್ಕಣೆ, ಮೊಹರು ಇರುತ್ತವೆ. ಎಷ್ಟು ಹೊತ್ತಿಗೆ ಹಾವು ಕಚ್ಚಿತು, ಎಷ್ಟು ವಯಲ್ ಪ್ರತಿವಿಷ ಏರಿಸಿದರು, ಯಾವ ಗಂಟೆಗೆ ಹೊರಟರು ಎಂಬುದು ಎಷ್ಟೋ ಸಲ ಇರುವುದಿಲ್ಲ. ಇದ್ದರೂ ಬೆವರಿಗೋ ಮಳೆಗೋ ಅಳಿಸಿರುತ್ತದೆ. ಮುಂದಿನ ಆಸ್ಪತ್ರೆಯವರು ಅ ಆ ಇ ಈಯಿಂದ ಶುರು ಮಾಡುತ್ತಾರೆ. ಆ ನಾಲ್ಕು ಸಾಲು ಆಂಬುಲೆನ್ಸ್ ಹನೂರು ದಾಟುವ ಮೊದಲೇ ಕೊಳ್ಳೇಗಾಲದವರ ಫೋನಿನಲ್ಲಿ ಇರಬೇಕಾದದ್ದು.

ಆಗದ ಮಾತೇನೂ ಅಲ್ಲ, ನಮ್ಮ ರಾಜ್ಯದಲ್ಲೇ ಆಗುತ್ತಿದೆ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಆನ್‌ಲೈನ್‌ನಲ್ಲಿ ಹೋಗಿ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರ ಕಣ್ಣಿಗೆ ಬೀಳುತ್ತದೆ. ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಹೃದಯಾಘಾತ ಹೌದಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಒಬ್ಬರೇ ನಿಂತು ಹೆದರಬೇಕಾಗಿಲ್ಲ, ಬೆನ್ನ ಹಿಂದೆ ಒಬ್ಬ ಹಿರಿಯರಿದ್ದಾರೆ. ಹೃದಯಕ್ಕೆ ಆದದ್ದು ವಿಷಕ್ಕೆ, ಹಾವಿಗೆ ಯಾಕೆ ಆಗಬಾರದು? ಕೌದಳ್ಳಿ ಸುತ್ತಿನ ರೈತನ ಮನೆಯಲ್ಲಿ ಕ್ರಿಮಿನಾಶಕದ ಬಾಟಲಿ ಇದೆ, ಹೊಲದಲ್ಲಿ ಕೊಳಕುಮಂಡಲ ಇದೆ. ಇಲ್ಲಿಯ ತುರ್ತು ಎಂದರೆ ಬಹುಪಾಲು ಇವೆರಡು, ಜೊತೆಗೆ ಬೆಟ್ಟದ ತಿರುವಿನ ಅಪಘಾತ.

ಹಾವಿನ ವಿಚಾರದಲ್ಲಿ ಸರ್ಕಾರ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಲೆಕ್ಕ ಸಿಗುತ್ತದೆ, ಸರಿ. ಆದರೆ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ, ಪಾಠ ಪಕ್ಕದ ಆಸ್ಪತ್ರೆಗೆ ಬರುವುದಿಲ್ಲ. ಮಂಡಲದ ವಿಷ ಏರಿದೆಯೇ ಎಂದು ತಿಳಿಯಲು ದೊಡ್ಡ ಯಂತ್ರ ಬೇಡ. ರೋಗಿಯ ಸ್ವಲ್ಪ ರಕ್ತವನ್ನು ಒಣಗಿದ, ಶುದ್ಧವಾದ ಗಾಜಿನ ನಳಿಕೆಗೆ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡಿದರೆ ಸಾಕು. ಹೆಪ್ಪುಗಟ್ಟದೆ ಹರಿದರೆ ವಿಷ ಕೆಲಸ ಮಾಡುತ್ತಿದೆ. ನಳಿಕೆ ಪ್ಲಾಸ್ಟಿಕ್‌ನದಾದರೆ, ಸೋಪು ಹಾಕಿ ತೊಳೆದದ್ದಾದರೆ ಫಲಿತಾಂಶ ತಪ್ಪುತ್ತದೆ. ಇಂಥ ಸಣ್ಣ ಸಂಗತಿಯನ್ನು ಒಬ್ಬ ಹಿರಿಯ ದಾದಿ ಹೊಸಬಳಿಗೆ ಹೇಳಿಕೊಡುವುದು ಹೇಗೆ? ಒಂದೇ ಆಸ್ಪತ್ರೆಯಲ್ಲಿದ್ದರೆ ಹೇಳಿಕೊಡುತ್ತಾಳೆ. ಇನ್ನೊಂದು ಆಸ್ಪತ್ರೆಯಲ್ಲಿದ್ದರೆ ಹೇಳಲು ಜಾಗವೇ ಇಲ್ಲ.

ಕೆಳಗಿನವರ ಅನುಭವಕ್ಕೆ ಎಷ್ಟು ಬೆಲೆ ಎಂಬುದಕ್ಕೆ ಮಹಾರಾಷ್ಟ್ರದ ಡಾ. ಹಿಮ್ಮತರಾವ್ ಬಾವಸ್ಕರ್ ಅವರಿಗಿಂತ ಬೇರೆ ಸಾಕ್ಷಿ ಬೇಡ. 1970ರ ದಶಕದಲ್ಲಿ ಕೊಂಕಣದ ಬಿರವಾಡಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದ ಅವರು ಕೆಂಪುಚೇಳು ಕಚ್ಚಿದವರ ಪಕ್ಕದಲ್ಲಿ ರಾತ್ರಿಯಿಡೀ ಕೂತು ಕಂಡದ್ದನ್ನೆಲ್ಲ ಬರೆದಿಟ್ಟರು. ರಕ್ತದೊತ್ತಡ ಇಳಿಸುವ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಕೆಲಸ ಮಾಡುತ್ತದೆಂದು ಕಂಡುಕೊಂಡರು. ‘ಲ್ಯಾನ್ಸೆಟ್’ ಪತ್ರಿಕೆ ಅವರ ಬರಹ ಅಚ್ಚು ಹಾಕಿತು, ಚೇಳು ಕಡಿತದ ಸಾವು ಗಣನೀಯವಾಗಿ ಇಳಿಯಿತು. ಆಗ ಒಬ್ಬ ಹಳ್ಳಿ ವೈದ್ಯನ ಮಾತು ಇನ್ನೊಬ್ಬ ಹಳ್ಳಿ ವೈದ್ಯನಿಗೆ ತಲುಪಬೇಕಾದರೆ ಲಂಡನ್‌ವರೆಗೆ ಹೋಗಿ ಬರಬೇಕಿತ್ತು. ಈಗ ಜೇಬಿನಲ್ಲಿ ಫೋನಿದೆ. ಆದರೂ ಬಿರವಾಡಿಯಂಥ ಎಷ್ಟು ಅನುಭವಗಳು ಯಳಂದೂರು, ಹನೂರಿನ ಆಸ್ಪತ್ರೆಗಳಲ್ಲಿ ಹಾಗೇ ನಿವೃತ್ತಿಯಾಗುತ್ತಿವೆಯೋ ಯಾರು ಬಲ್ಲರು.

ಹೀಗೆ ಕಲಿಸುವ ವಿಧಾನವೂ ಹೊಸತೇನಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಆರಂಭಿಸಿದ ‘ಎಕೋ’ ಎಂಬ ಪದ್ಧತಿಯಲ್ಲಿ ಹಳ್ಳಿಯ ವೈದ್ಯರು ವಾರಕ್ಕೊಮ್ಮೆ ವಿಡಿಯೊದಲ್ಲಿ ಸೇರಿ ತಮ್ಮ ತಮ್ಮ ರೋಗಿಯ ಕಥೆ ಹೇಳುತ್ತಾರೆ, ತಜ್ಞರೂ ಕೇಳುತ್ತಾರೆ, ಉಳಿದವರೂ ಕೇಳುತ್ತಾರೆ. ನಮ್ಮ ನಿಮ್ಹಾನ್ಸ್ ಇದನ್ನೇ ಮಾನಸಿಕ ಆರೋಗ್ಯದ ತರಬೇತಿಗೆ ಬಳಸುತ್ತಿದೆ. ಭಾಷಣ ಇಲ್ಲ, ಸನ್ಮಾನ ಇಲ್ಲ, ಒಂದು ಕೇಸು, ಅದರ ಮೇಲೆ ಚರ್ಚೆ.

ತುರ್ತಿನ ಹೊತ್ತಿನಲ್ಲಿ ಇಲಾಖೆಯಿಂದ ಇಲಾಖೆಗೆ ಮಾತು ದಾಟದಿದ್ದರೆ ಶ್ರೀಮಂತ ದೇಶವೂ ಒದ್ದಾಡುತ್ತದೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನಲ್ಲಿ ವಿಶ್ವ ವಾಣಿಜ್ಯ ಕೇಂದ್ರದ ಗೋಪುರ ಕುಸಿಯುವಂತಿದೆ ಎಂದು ಹೆಲಿಕಾಪ್ಟರ್‌ನಲ್ಲಿದ್ದ ಪೊಲೀಸರು ಎಚ್ಚರಿಸಿದರು. ಆ ಎಚ್ಚರಿಕೆ ಒಳಗಿದ್ದ ಅಗ್ನಿಶಾಮಕ ಸಿಬ್ಬಂದಿಗೆ ತಲುಪಲಿಲ್ಲ, ಅವರ ರೇಡಿಯೊ ಬೇರೆ. ಆ ದಿನ 343 ಅಗ್ನಿಶಾಮಕ ಸಿಬ್ಬಂದಿ ಸತ್ತರು. ನಮ್ಮ ಮಲೆ ಮಹದೇಶ್ವರ ಬೆಟ್ಟದಲ್ಲೂ ಅರಣ್ಯ ಇಲಾಖೆಯ ವಾಕಿಟಾಕಿ ಬೇರೆ, ಪೊಲೀಸರ ವೈರ್‌ಲೆಸ್ ಬೇರೆ, 108 ಆಂಬುಲೆನ್ಸ್‌ನವರ ಫೋನು ಬೇರೆ.

ದೂರ ಹೋಗುವುದು ಬೇಡ ಎನ್ನುವವರಿಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಇದೆ. 2021ರ ಮೇ 2ರ ರಾತ್ರಿ ಅಲ್ಲಿ ಆಮ್ಲಜನಕ ಬರಿದಾಯಿತು. ಸತ್ತವರು 24 ಎಂದು ಮೊದಲು ಹೇಳಲಾಯಿತು. ಹೈಕೋರ್ಟ್ ನಿರ್ದೇಶನದಂತೆ ರಚನೆಯಾದ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ಸಮಿತಿಯ ವರದಿ 36 ಎಂದಿತು. ಸಿಲಿಂಡರ್ ಬರಬೇಕಾದದ್ದು ಮೈಸೂರಿನಿಂದ. ಎರಡು ಜಿಲ್ಲೆಗಳ ಅಧಿಕಾರಿಗಳು ಆಮೇಲೆ ಒಬ್ಬರ ಮೇಲೊಬ್ಬರು ಹೇಳಿಕೊಂಡದ್ದನ್ನು ನಾಡೇ ನೋಡಿತು. ಇನ್ನೆಷ್ಟು ಗಂಟೆಗೆ ಸಾಕಾಗುವಷ್ಟು ಆಮ್ಲಜನಕ ಉಳಿದಿದೆ ಎಂಬ ಒಂದೇ ಅಂಕಿ ಬೇಕಾದವರೆಲ್ಲರ ಕಣ್ಣೆದುರು ಗಂಟೆಗಂಟೆಗೂ ಇದ್ದಿದ್ದರೆ ‘ನನಗೆ ಗೊತ್ತಿರಲಿಲ್ಲ’ ಎನ್ನಲು ಯಾರಿಗೂ ಜಾಗವಿರುತ್ತಿರಲಿಲ್ಲ.

ಸುಳ್ವಾಡಿಯಾಗಲಿ ಆಮ್ಲಜನಕವಾಗಲಿ, ಆಮೇಲೆ ನಡೆದದ್ದು ತಪ್ಪಿತಸ್ಥರ ಹುಡುಕಾಟ. ಅದು ಬೇಕು. ಆದರೆ ತನಿಖೆ ಎಂದರೆ ನೌಕರ ಬಾಯಿ ಮುಚ್ಚಿಕೊಳ್ಳುತ್ತಾನೆ. ಅಂದು ಯಾವ ಮದ್ದು ಮುಗಿಯಿತು, ಯಾವ ಕರೆ ಹತ್ತಲಿಲ್ಲ, ಯಾವ ಆಂಬುಲೆನ್ಸ್ ತಪ್ಪು ಆಸ್ಪತ್ರೆಗೆ ಹೋಯಿತು ಎಂದು ಬರೆದವನಿಗೆ ಮಾರನೆಯ ದಿನ ನೋಟಿಸ್ ಬಂದರೆ ಇನ್ನೊಬ್ಬ ಬರೆಯುತ್ತಾನೆಯೇ? ಆದ್ದರಿಂದ ಮೊದಲು ಓಡಿಬರುವವರನ್ನೆಲ್ಲ ಸೇರಿಸುವ ಜಾಲ ಕಟ್ಟುವವರು ಮೊದಲು ಕೊಡಬೇಕಾದ ಭರವಸೆ ಇದು: ಇಲ್ಲಿ ಹೇಳಿದ್ದು ಶಿಸ್ತುಕ್ರಮಕ್ಕೆ ಬಳಕೆಯಾಗುವುದಿಲ್ಲ. ಬಾಯಿಮಾತಿನ ಭರವಸೆ ಸಾಲದು, ಜಿಲ್ಲಾಧಿಕಾರಿಯ ಆದೇಶವೇ ಬೇಕು. ಅಪಘಾತದಲ್ಲಿ ನೆರವಾದ ದಾರಿಹೋಕನನ್ನು ಕಾಪಾಡಲು ಕರ್ನಾಟಕ 2016ರಲ್ಲೇ ಜೀವರಕ್ಷಕರ ಕಾಯ್ದೆ ಮಾಡಿ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ನೆರವಾಗುವುದೇ ಕೆಲಸವಾದವನು ಸತ್ಯ ಹೇಳಿದರೆ ಅವನಿಗೂ ಅಂಥದೇ ಆಸರೆ ಬೇಡವೇ?

ಯಾರನ್ನು ಸೇರಿಸಬೇಕು ಎಂಬಲ್ಲಿಯೂ ನಮ್ಮ ಆಡಳಿತದ ಲೆಕ್ಕ ತಪ್ಪಿದೆ. ಕಾಯಂ ನೌಕರ ಒಳಗೆ, ಗುತ್ತಿಗೆಯವನು ಹೊರಗೆ. ಆದರೆ ಕಾಡಂಚಿನಲ್ಲಿ ಮೊದಲು ಕಾಣುವವನು ಗುತ್ತಿಗೆಯವನೇ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ನಾಲ್ಕು ಮರಿಗಳು ವಿಷ ಹಾಕಿದ ದನದ ಮಾಂಸ ತಿಂದು ಸತ್ತವು. ಹೊರಗುತ್ತಿಗೆ ವಾಚರ್‌ಗಳಿಗೆ ತಿಂಗಳುಗಟ್ಟಲೆ ಸಂಬಳವಾಗಿರಲಿಲ್ಲ ಎಂಬುದು ಆಗ ಹೊರಬಿತ್ತು. ಸಂಬಳವೇ ಕೊಡದವನಿಂದ ಮಾಹಿತಿ ಬರಲಿ ಎನ್ನುವುದು ಯಾವ ನ್ಯಾಯ? 108ರ ಚಾಲಕ, ತುರ್ತು ತಂತ್ರಜ್ಞ ಕೂಡ ಇಷ್ಟು ವರ್ಷ ಖಾಸಗಿ ಸಂಸ್ಥೆಯ ಲೆಕ್ಕದಲ್ಲಿದ್ದವರು. ಆಶಾಗೆ ಸಿಗುವುದು ಗೌರವಧನ. ಇವರನ್ನೆಲ್ಲ ಬಿಟ್ಟು ಕಟ್ಟಿದ ಜಾಲದಲ್ಲಿ ಅಧಿಕಾರಿಗಳು ಪರಸ್ಪರ ಶುಭೋದಯ ಹೇಳಿಕೊಳ್ಳಬಹುದು, ಅಷ್ಟೇ.

ಗಡಿಯ ಮಾತನ್ನೂ ಮರೆಯಬಾರದು. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಬೆಟ್ಟದ ಆಚೆ ಬದಿಯ ಜನಕ್ಕೆ ಮೆಟ್ಟೂರು, ಅಂದಿಯೂರು ಇಂದಿಗೂ ಹತ್ತಿರ. ಮಾರ್ಟಳ್ಳಿ ಕಡೆ ಮನೆಮಾತು ತಮಿಳು. ಪಾಲಾರ್ ಕಡೆಯಿಂದ 108ಕ್ಕೆ ಕರೆ ಮಾಡಿದರೆ, ಫೋನು ಆ ಕಡೆಯ ಟವರ್ ಹಿಡಿದಿದ್ದರೆ, ಉತ್ತರಿಸುವವರು ತಮಿಳುನಾಡಿನವರು. ಈ ಕಡೆಯ ಟವರ್ ಹಿಡಿದರೆ ಬೆಂಗಳೂರಿನಲ್ಲಿ ಕೂತವರಿಗೆ ಒಂದೇ ಥರ ಹೆಸರಿನ ದೊಡ್ಡಿಗಳಲ್ಲಿ ಇದು ಯಾವ ದೊಡ್ಡಿ ಎಂದು ತಿಳಿಸುವಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ. ಸ್ಥಳೀಯನಾದ ಚಾಲಕನಿಗೆ ಹೆಸರು ಹೇಳಿದರೆ ಸಾಕು, ದಾರಿ ಗೊತ್ತು. ದೀಪಾವಳಿ, ಶಿವರಾತ್ರಿ, ಯುಗಾದಿಗೆ ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಪರಸೆ ಈ ದಾರಿಯಲ್ಲಿ ಸಾವಿರಗಟ್ಟಲೆ ನಡೆಯುವಾಗ ಜಾಗ ತಿಳಿಸುವ ಈ ಕಷ್ಟ ಇನ್ನೂ ಹೆಚ್ಚು.

ಹಾಗೆಂದು ಇನ್ನೊಂದು ಆ್ಯಪ್ ಬಿಡುಗಡೆ ಮಾಡಿ ಎಂದು ಕೇಳುತ್ತಿಲ್ಲ. ದಯವಿಟ್ಟು ಬೇಡ. ಮಂತ್ರಿಗಳ ಕೈಯಲ್ಲಿ ಬಿಡುಗಡೆಯಾಗಿ ಮೂರನೇ ತಿಂಗಳಿಗೆ ಸತ್ತ ಆ್ಯಪ್‌ಗಳ ಪಟ್ಟಿ ಉದ್ದವಿದೆ. 2022ರ ಸೆಪ್ಟೆಂಬರ್‌ನಲ್ಲಿ 108ರ ಸರ್ವರ್ ಕೆಟ್ಟು ರಾಜ್ಯದ ಎಷ್ಟೋ ಕಡೆ ಗಂಟೆಗಟ್ಟಲೆ ಕರೆ ಹತ್ತಲಿಲ್ಲ. ಎಲ್ಲವೂ ಒಂದೇ ಯಂತ್ರದ ಮೇಲೆ ನಿಂತರೆ ಹೀಗೇ ಆಗುವುದು. ಈಗ ಜನ ಬಳಸುತ್ತಿರುವುದರಲ್ಲೇ, ಕೊಳ್ಳೇಗಾಲ, ಹನೂರು, ಯಳಂದೂರು ಮೂರು ತಾಲ್ಲೂಕಿಗೆ ಸೇರಿ ಒಂದು ಮುಚ್ಚಿದ ಬಳಗ ಸಾಕು. ಹೆಸರು ನೋಂದಾಯಿಸಿದ ಕೆಲಸಗಾರರಿಗಷ್ಟೇ ಪ್ರವೇಶ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಒಬ್ಬ ಅಮಾಯಕ ಬಲಿಯಾದದ್ದು ನೆನಪಿದ್ದರೆ ಇಂಥ ಬಳಗಕ್ಕೆ ಬಾಗಿಲು ಯಾಕೆ ಬೇಕು ಎಂದು ವಿವರಿಸಬೇಕಿಲ್ಲ. ರೋಗಿಯ ಮುಖ, ಹೆಸರು ಅಲ್ಲಿ ಬರಬಾರದು. ವಯಸ್ಸು, ಲಕ್ಷಣ, ಗಂಟೆ, ಕೊಟ್ಟ ಮದ್ದು, ಹೊರಟ ಜಾಗ ಬಂದರೆ ಸಾಕು. ಪ್ರತಿದಿನ ಬೆಳಿಗ್ಗೆ ಪ್ರತಿವಿಷ, ಆಟ್ರೊಪಿನ್ ಎಲ್ಲೆಲ್ಲಿ ಎಷ್ಟಿದೆ, ವೆಂಟಿಲೇಟರ್ ಎಲ್ಲಿ ಖಾಲಿ ಇದೆ ಎಂಬ ಒಂದು ಸಂದೇಶ. ಪಾಳಿಯ ಪ್ರಕಾರ ಉತ್ತರಿಸಲು ಒಬ್ಬ ಹಿರಿಯ ವೈದ್ಯರು. ಸಿಗ್ನಲ್ ಇಲ್ಲದ ಇಂಡಿಗನತ್ತ, ಮೆಂದಾರೆಯಂಥ ಕಾಡೊಳಗಿನ ಊರುಗಳಿಗೆ ಅರಣ್ಯ ಇಲಾಖೆಯ ವಾಕಿಟಾಕಿಯೇ ಗತಿ. ಅದನ್ನು ಕೇಳಿಸಿಕೊಂಡು ಬಳಗಕ್ಕೆ ದಾಟಿಸಲು ವಲಯ ಕಚೇರಿಯಲ್ಲಿ ಒಬ್ಬರು ಇರಬೇಕು. ಆ ಊರುಗಳ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತರುತ್ತಿದ್ದಾಗ ಜೀಪು ಓಡಿಸಲು ಮುಂದೆ ಬಂದದ್ದೂ ಅರಣ್ಯ ಇಲಾಖೆಯೇ. ಅವರು ಇಷ್ಟನ್ನೂ ಮಾಡಬಲ್ಲರು.

ಖರ್ಚು ಹೆಚ್ಚೇನಿಲ್ಲ. ಬೇಕಾದದ್ದು ಒಂದು ಆದೇಶ, ನಡೆಸಲು ಒಬ್ಬ ಜವಾಬ್ದಾರ. ಖಾಸಗಿ, ಸರ್ಕಾರಿ ಎಂಬ ಭೇದ ಇಲ್ಲಿ ಕೆಲಸಕ್ಕೆ ಬಾರದು. ಸುಳ್ವಾಡಿಯ ದಿನ ಮೊದಲ ಹೊಡೆತ ತಡೆದುಕೊಂಡವುಗಳಲ್ಲಿ ಕಾಮಗೆರೆಯ ಮಿಷನ್ ಆಸ್ಪತ್ರೆಯೂ ಒಂದು. ಯಳಂದೂರು ತಾಲ್ಲೂಕಿನ ಗುಂಬಳ್ಳಿ ಆರೋಗ್ಯ ಕೇಂದ್ರವನ್ನು 1996ರಿಂದ ಕರುಣಾ ಟ್ರಸ್ಟ್ ನಡೆಸಿಕೊಂಡು ಬಂದು ಹೆಸರು ಮಾಡಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ಗಿರಿಜನ ಕಲ್ಯಾಣ ಕೇಂದ್ರದ ಅನುಭವವೂ ಇಲ್ಲೇ ಇದೆ. ಕಲಿಸಬಲ್ಲವರು ನೆರೆಯಲ್ಲೇ ಇರುವಾಗ ಬೆಂಗಳೂರಿನ ಸಲಹಾ ಸಂಸ್ಥೆಗೆ ಟೆಂಡರ್ ಕರೆಯುವ ಅಗತ್ಯವಿಲ್ಲ.

ಸುಳ್ವಾಡಿಯ ದಿನ ಆಂಬುಲೆನ್ಸ್ ಓಡಿಸಿದವರು, ರೋಗಿಗಳ ಬಾಯಿ ಒರೆಸಿದ ದಾದಿಯರು, ರಾತ್ರಿಯಿಡೀ ರಸ್ತೆ ತೆರವು ಮಾಡಿದ ಪೇದೆಗಳು ಹಲವರು ಇನ್ನೂ ಸೇವೆಯಲ್ಲಿದ್ದಾರೆ. ಕೆಲವರಿಗೆ ವರ್ಗವಾಗಿದೆ, ಕೆಲವರಿಗೆ ನಿವೃತ್ತಿ ಹತ್ತಿರವಾಗಿದೆ. ಚಾಮರಾಜನಗರ ಜಿಲ್ಲಾಡಳಿತ ಮುಂದಿನ ಪರಸೆಗೆ ಮೊದಲು ಇವರನ್ನು ಕೊಳ್ಳೇಗಾಲದಲ್ಲಿ ಒಂದು ದಿನ ಕೂರಿಸಲಿ, ಅಂದು ಕಂಡದ್ದನ್ನು ಅವರ ಬಾಯಿಂದಲೇ ಕೇಳಿ ಬರೆಸಿಕೊಳ್ಳಲಿ, ಹೊಸ ಬಳಗದ ಮೊದಲ ಸಂದೇಶವಾಗಿ ಅದನ್ನೇ ಹಾಕಲಿ.